ಬಂದ ಯಂತ್ರ, ನಿಂತ ವಿದ್ಯೆ: ಭಾರತದ ಗಣಕ ಚರಿತ್ರೆಯಲ್ಲಿ ಅಂತರರಾಷ್ಟ್ರೀಯ ಸಹಕಾರ

1. ಪ್ರಶ್ನೆಯ ಸ್ವರೂಪ

ಅಭಿವೃದ್ಧಿಶೀಲ ರಾಷ್ಟ್ರಗಳಲ್ಲಿ ಡಿಜಿಟಲ್ ಅರ್ಥವ್ಯವಸ್ಥೆ ಬೆಳೆಯಬೇಕಾದರೆ ರಾಷ್ಟ್ರಗಳ ಪರಸ್ಪರ ಸಹಕಾರ ಅಗತ್ಯವೆಂಬ ಮಾತು ಇಂದು ಎಲ್ಲ ವೇದಿಕೆಗಳಲ್ಲೂ ಕೇಳಿಬರುತ್ತಿದೆ. 2024ರ ಸೆಪ್ಟೆಂಬರಿನಲ್ಲಿ ವಿಶ್ವಸಂಸ್ಥೆಯ ಸದಸ್ಯರಾಷ್ಟ್ರಗಳು ನ್ಯೂಯಾರ್ಕಿನಲ್ಲಿ ಸೇರಿ ಜಾಗತಿಕ ಡಿಜಿಟಲ್ ಒಡಂಬಡಿಕೆಯೊಂದನ್ನು ಅಂಗೀಕರಿಸಿದವು. ಅದೇ ವರ್ಷ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವು ಮಾಡಿದ ಅಂದಾಜಿನ ಪ್ರಕಾರ ಸುಮಾರು 260 ಕೋಟಿ ಜನ, ಎಂದರೆ ಮನುಕುಲದ ಮೂರರಲ್ಲೊಂದು ಪಾಲು, ಅಂತರಜಾಲದ ಹೊರಗೇ ಇದ್ದರು. ಒಡಂಬಡಿಕೆಯ ಪರಿಭಾಷೆ ಹೊಸದು. ಅದರ ಹಿಂದಿರುವ ಪ್ರಶ್ನೆಗೆ ಮಾತ್ರ ಎಪ್ಪತ್ತು ವರ್ಷಗಳ ಇತಿಹಾಸವಿದೆ. ಉಳ್ಳ ದೇಶವು ಇಲ್ಲದ ದೇಶಕ್ಕೆ ಏನನ್ನು ಕೊಟ್ಟರೆ ಅದು ಅಲ್ಲಿ ಬೇರೂರುತ್ತದೆ? ಏನನ್ನು ಕೊಟ್ಟರೆ ಕೆಲವೇ ವರ್ಷಗಳಲ್ಲಿ ತುಕ್ಕು ಹಿಡಿಯುತ್ತದೆ?

ಈ ಪ್ರಶ್ನೆಗೆ ಉತ್ತರ ಹುಡುಕಲು ಭಾರತದ ಗಣಕ ಚರಿತ್ರೆಗಿಂತ ಸಮೃದ್ಧವಾದ ಆಕರ ಬೇರೆ ವಿರಳ. ಬ್ರಿಟನ್, ಸೋವಿಯತ್ ಒಕ್ಕೂಟ, ಅಮೆರಿಕ, ಪಶ್ಚಿಮ ಜರ್ಮನಿ ಹಾಗೂ ವಿಶ್ವಸಂಸ್ಥೆ ಈ ಎಲ್ಲ ದಿಕ್ಕುಗಳಿಂದಲೂ ನೆರವು ಪಡೆದ ದೇಶ ನಮ್ಮದು. ಆದರೆ ಈ ಚರಿತ್ರೆಯನ್ನು ಇದುವರೆಗೆ ಸಾಮಾನ್ಯವಾಗಿ ಎರಡು ಬಗೆಯಲ್ಲಿ ಬರೆಯಲಾಗಿದೆ. ಒಂದು, ದಾನಿಗಳ ಔದಾರ್ಯದ ಕಥೆ. ಇನ್ನೊಂದು, ಹೊರಗಿನವರ ಹಂಗಿಲ್ಲದೆ ನಾವೇ ಬೆಳೆದೆವೆಂಬ ಸ್ವಾವಲಂಬನೆಯ ಕಥೆ. ಎರಡರಲ್ಲೂ ಸತ್ಯಾಂಶವಿದೆ, ಎರಡೂ ಅಪೂರ್ಣ. ಬಂದ ಯಂತ್ರವನ್ನು ಬಿಚ್ಚಿ ನೋಡುವ, ತಿದ್ದುವ, ಮತ್ತೊಬ್ಬರಿಗೆ ಕಲಿಸುವ ಅವಕಾಶ ಎಲ್ಲಿ ದೊರೆಯಿತೋ ಅಲ್ಲಿ ಮಾತ್ರ ನೆರವು ವಿದ್ಯೆಯಾಗಿ ನಿಂತಿತೆಂಬುದು ಪ್ರಸ್ತುತ ಪ್ರಬಂಧದ ಪ್ರತಿಪಾದನೆ. ಈ ಘಟನೆಗಳು ಬಹುಮಟ್ಟಿಗೆ ನಡೆದದ್ದು ಕಲ್ಕತ್ತ, ಮುಂಬಯಿ, ಕಾನ್ಪುರ, ಮದರಾಸು, ದೆಹಲಿ, ಪುಣೆಗಳಲ್ಲಿ. ಹೊರನಾಡಿನ ಕನ್ನಡ ಸಂಶೋಧಕರಿಗೆ ಇದು ತಮ್ಮ ಬೀದಿಯ ಚರಿತ್ರೆಯೂ ಹೌದು.

2. ಕಲ್ಕತ್ತದ ಎರಡು ಯಂತ್ರಗಳು

ಭಾರತಕ್ಕೆ ಬಂದ ಮೊದಲ ವಿದ್ಯುನ್ಮಾನ ಗಣಕಯಂತ್ರವು ಕಲ್ಕತ್ತದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಸೇರಿತು. ಅದರ ಹೆಸರು ಎಚ್‌ಇಸಿ–2ಎಂ. ಬ್ರಿಟಿಷ್ ಟ್ಯಾಬ್ಯುಲೇಟಿಂಗ್ ಮಷೀನ್ ಕಂಪನಿಯಿಂದ ಕೊಂಡ ಈ ಯಂತ್ರ 1955ರಲ್ಲಿ ಬಂದು 1956ರಲ್ಲಿ ಕೆಲಸ ಆರಂಭಿಸಿತು. ಸಂಸ್ಥೆಯ ಸ್ಥಾಪಕರಾದ ಪಿ. ಸಿ. ಮಹಲನೋಬಿಸ್ ಅವರು ಆಗ ಎರಡನೆಯ ಪಂಚವಾರ್ಷಿಕ ಯೋಜನೆಯ ಚೌಕಟ್ಟನ್ನು ಸಿದ್ಧಪಡಿಸುತ್ತಿದ್ದರು. ಯೋಜಿತ ಅರ್ಥವ್ಯವಸ್ಥೆಗೆ ಬೃಹತ್ ಪ್ರಮಾಣದ ಲೆಕ್ಕಾಚಾರ ಬೇಕು, ಲೆಕ್ಕಾಚಾರಕ್ಕೆ ಯಂತ್ರ ಬೇಕು ಎಂಬುದು ಅವರ ನಿಲುವಾಗಿತ್ತು. ಗಣಕವು ನಮ್ಮ ದೇಶಕ್ಕೆ ಮೊದಲು ಕಾಲಿಟ್ಟದ್ದು ವ್ಯಾಪಾರದ ಉಪಕರಣವಾಗಿ ಅಲ್ಲ, ಯೋಜನೆಯ ಉಪಕರಣವಾಗಿ ಎಂಬ ಸಂಗತಿ ಗಮನಾರ್ಹ.

ಎರಡನೆಯ ಯಂತ್ರದ ಚರಿತ್ರೆ ಬೇರೆ ಬಗೆಯದು. ಮಹಲನೋಬಿಸ್ ಅವರು ದೊಡ್ಡ ಗಣಕವೊಂದನ್ನು ಪಡೆಯಲು ಅಮೆರಿಕದಲ್ಲಿಯೂ ಪ್ರಯತ್ನಿಸಿದ್ದರು. ಶೀತಲ ಸಮರದ ಸಂದೇಹದ ವಾತಾವರಣದಲ್ಲಿ, ಮಾಸ್ಕೋದೊಡನೆಯೂ ಸಂಪರ್ಕವಿದ್ದ ಸಂಸ್ಥೆಗೆ ಅಂಥ ಯಂತ್ರ ಸುಲಭವಾಗಿ ಸಿಗುವಂತಿರಲಿಲ್ಲ. ಕೊನೆಗೆ 1958ರಲ್ಲಿ ವಿಶ್ವಸಂಸ್ಥೆಯ ತಾಂತ್ರಿಕ ನೆರವಿನ ವ್ಯವಸ್ಥೆಯ ಮೂಲಕ ಸೋವಿಯತ್ ಒಕ್ಕೂಟದ ಉರಾಲ್ ಯಂತ್ರವು ಕಲ್ಕತ್ತಕ್ಕೆ ಬಂದಿತು. ಜೊತೆಯಲ್ಲಿ ಅದನ್ನು ಜೋಡಿಸಿಕೊಡುವ ಸೋವಿಯತ್ ಇಂಜಿನಿಯರುಗಳೂ ಬಂದರು.

ಒಂದು ಬೆಲೆ ತೆತ್ತು ಕೊಂಡದ್ದು, ಇನ್ನೊಂದು ನೆರವಾಗಿ ಬಂದದ್ದು. ಆದರೆ ಇವೆರಡರ ಸುತ್ತ ಸೇರಿದ ಜನರೇ ನಿಜವಾದ ಫಲ. ಇದೇ ಸಂಸ್ಥೆಯವರು ಜಾದವ್‌ಪುರ ವಿಶ್ವವಿದ್ಯಾಲಯದವರೊಡನೆ ಕೂಡಿ ಐಎಸ್‌ಐಜೆಯು–1 ಎಂಬ ಟ್ರಾನ್ಸಿಸ್ಟರ್ ಗಣಕವನ್ನು ತಾವೇ ಕಟ್ಟಿ 1966ರಲ್ಲಿ ಚಾಲನೆಗೆ ತಂದರು. ಯಂತ್ರವನ್ನು ಬಳಸಿದವರು ಯಂತ್ರವನ್ನು ಕಟ್ಟುವವರಾದರು. ನೆರವಿನ ಯಶಸ್ಸನ್ನು ಅಳೆಯುವುದಕ್ಕೆ ನಮಗೆ ಸಿಗುವ ಮೊದಲ ಅಳತೆಗೋಲು ಇದು.

3. ಮುಂಬಯಿ ಮತ್ತು ಕಾನ್ಪುರ: ಎರಡು ಮಾರ್ಗಗಳು

ಇದೇ ಕಾಲದಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆ ಇನ್ನೊಂದು ಮಾರ್ಗ ಹಿಡಿದಿತ್ತು. ಅಮೆರಿಕದಲ್ಲಿ ಅಧ್ಯಯನ ಮುಗಿಸಿ 1954ರಲ್ಲಿ ಹಿಂದಿರುಗಿದ ಆರ್. ನರಸಿಂಹನ್ ಅವರ ನೇತೃತ್ವದಲ್ಲಿ ಒಂದು ಚಿಕ್ಕ ತಂಡ, ಹೊರದೇಶಗಳಲ್ಲಿ ಪ್ರಕಟವಾಗಿದ್ದ ಶಾಸ್ತ್ರಸಾಹಿತ್ಯವನ್ನು ಆಧರಿಸಿ, ಗಣಕವನ್ನು ಇಲ್ಲಿಯೇ ಕಟ್ಟಲು ತೊಡಗಿತು. ಮೊದಲು ಒಂದು ಪ್ರಾಯೋಗಿಕ ಮಾದರಿ, ಅನಂತರ 1960ರಲ್ಲಿ ಪೂರ್ಣ ಯಂತ್ರ. 1962ರಲ್ಲಿ ಇದಕ್ಕೆ ಟಿಫ್ರಾಕ್ ಎಂದು ಹೆಸರಾಯಿತು. ಅದರ ಸ್ಮೃತಿಯಲ್ಲಿ ಹಿಡಿಯುತ್ತಿದ್ದದ್ದು 2048 ಪದಗಳು ಮಾತ್ರ. ಅದು ಸಿದ್ಧವಾಗುವ ಹೊತ್ತಿಗೆ ಹೊರಲೋಕದಲ್ಲಿ ನಿರ್ವಾತ ನಳಿಕೆಗಳ ಯುಗ ಮುಗಿದು ಟ್ರಾನ್ಸಿಸ್ಟರ್ ಯುಗ ಆರಂಭವಾಗಿತ್ತು. ಯಂತ್ರವೆಂದು ನೋಡಿದರೆ ಟಿಫ್ರಾಕ್ ಹುಟ್ಟುವಾಗಲೇ ಹಳತು. ಶಾಲೆಯೆಂದು ನೋಡಿದರೆ ಚಿತ್ರ ಬದಲಾಗುತ್ತದೆ. 1964ರಲ್ಲಿ ಅಮೆರಿಕ ಸರ್ಕಾರದ ಅಭಿವೃದ್ಧಿ ನೆರವಿನಿಂದ ಸಿಡಿಸಿ 3600 ಎಂಬ ಭಾರಿ ಯಂತ್ರ ಇದೇ ಸಂಸ್ಥೆಗೆ ಬಂದಾಗ, ಅದನ್ನು ಬರಮಾಡಿಕೊಳ್ಳಲು ನುರಿತ ಕೈಗಳು ಕಾಯುತ್ತಿದ್ದವು. ದೇಶದ ನಾನಾ ಭಾಗಗಳ ಸಂಶೋಧಕರು ಈ ಯಂತ್ರವನ್ನು ಬಳಸಿದರು. ಸ್ವಂತ ಪ್ರಯತ್ನ ಮತ್ತು ಹೊರಗಿನ ನೆರವು ಒಂದಕ್ಕೊಂದು ವಿರೋಧಿಗಳೆಂಬ ಸಾಮಾನ್ಯ ಕಲ್ಪನೆಯನ್ನು ಮುಂಬಯಿಯ ಈ ನಿದರ್ಶನ ನಿರಾಕರಿಸುತ್ತದೆ.

ಕಾನ್ಪುರದ ಕಥೆ ಪೂರ್ಣವಾಗಿ ನೆರವಿನಿಂದ ಆರಂಭವಾದದ್ದು. ಅಲ್ಲಿನ ಭಾರತೀಯ ತಂತ್ರಜ್ಞಾನ ಸಂಸ್ಥೆಗೆ 1962ರಿಂದ 1972ರವರೆಗೆ ಅಮೆರಿಕದ ಒಂಬತ್ತು ವಿದ್ಯಾಸಂಸ್ಥೆಗಳ ಕೂಟವೊಂದು ಬೆಂಬಲವಾಗಿ ನಿಂತಿತು. 1963ರಲ್ಲಿ ಐಬಿಎಂ 1620 ಗಣಕ ಬಂದಿತು. 1966ರಲ್ಲಿ ಅದಕ್ಕಿಂತ ದೊಡ್ಡದಾದ ಐಬಿಎಂ 7044. ಇಲ್ಲಿ ಯಂತ್ರಕ್ಕಿಂತ ಮುಖ್ಯವಾದದ್ದು ಅದರ ಬಳಕೆಯ ನೀತಿ. ಅದನ್ನು ಗಾಜಿನ ಕೋಣೆಯಲ್ಲಿ ಬೀಗ ಹಾಕಿ ಇಡಲಿಲ್ಲ; ವಿದ್ಯಾರ್ಥಿಗಳ ಕೈಗೆ ಕೊಟ್ಟರು. ಹೊರಗಿನ ಕಾಲೇಜುಗಳ ಅಧ್ಯಾಪಕರಿಗೂ ಸಂಶೋಧಕರಿಗೂ ಅಲ್ಪಾವಧಿಯ ತರಗತಿಗಳನ್ನು ನಡೆಸಿದರು. ಅಲ್ಲಿ ಪಾಠ ಹೇಳುತ್ತಿದ್ದ ವಿ. ರಾಜಾರಾಮನ್ ಅವರು ಬರೆದ ಕ್ರಮವಿಧಿ ರಚನೆಯ ಪಠ್ಯಪುಸ್ತಕ 1969ರಲ್ಲಿ ಕಡಿಮೆ ಬೆಲೆಗೆ ಪ್ರಕಟವಾಯಿತು. ಗಣಕವನ್ನು ಕಣ್ಣಿನಿಂದಲೂ ಕಾಣದ ಊರುಗಳ ವಿದ್ಯಾರ್ಥಿಗಳಿಗೂ ಗಣಕವಿದ್ಯೆಯನ್ನು ತಲುಪಿಸಲು ಅಂಥ ಪುಸ್ತಕಗಳೇ ದಾರಿಯಾದವು.

ಇಲ್ಲಿ ಕನ್ನಡನಾಡಿನ ಒಂದು ಎಳೆಯೂ ಸೇರಿಕೊಳ್ಳುತ್ತದೆ. ಮೈಸೂರಿನಲ್ಲಿ ಇಂಜಿನಿಯರಿಂಗ್ ಓದಿ ಕಾನ್ಪುರಕ್ಕೆ ಹೋದ, ಶಿಡ್ಲಘಟ್ಟದಲ್ಲಿ ಜನಿಸಿದ ಎನ್. ಆರ್. ನಾರಾಯಣ ಮೂರ್ತಿಯವರು 1969ರಲ್ಲಿ ಅಲ್ಲಿ ಸ್ನಾತಕೋತ್ತರ ಪದವಿ ಪಡೆದರು. ಅವರೂ ಸಹೋದ್ಯೋಗಿಗಳೂ 1981ರಲ್ಲಿ ಪುಣೆಯಲ್ಲಿ ಆರಂಭಿಸಿದ ಇನ್ಫೋಸಿಸ್ 1983ರಲ್ಲಿ ಬೆಂಗಳೂರಿಗೆ ಬಂದಿತು. ಶಿಕ್ಷಣದಲ್ಲಿ ಹೂಡಿದ ನೆರವು ಉದ್ಯಮವಾಗಿ ಕಾಣಿಸಿಕೊಳ್ಳುವುದಕ್ಕೆ ಇಪ್ಪತ್ತು ವರ್ಷ ಬೇಕಾಯಿತು. ಮೂರು, ಐದು ವರ್ಷಗಳ ಅವಧಿಯಲ್ಲಿ ಫಲ ಎಣಿಸುವ ಯೋಜನಾ ವರದಿಗಳಿಗೆ ಈ ಬಗೆಯ ಫಲ ಕಾಣುವುದೇ ಇಲ್ಲ.

ಉಳಿದ ನಗರಗಳಿಗೆ ಬಂದ ನೆರವನ್ನೂ ಇಲ್ಲಿ ಸಂಕ್ಷೇಪವಾಗಿ ಹೆಸರಿಸಬೇಕು. ಮುಂಬಯಿಯ ತಂತ್ರಜ್ಞಾನ ಸಂಸ್ಥೆಗೆ ಯುನೆಸ್ಕೊ ಮತ್ತು ಸೋವಿಯತ್ ಒಕ್ಕೂಟ, ಮದರಾಸಿನದಕ್ಕೆ ಪಶ್ಚಿಮ ಜರ್ಮನಿ, ದೆಹಲಿಯದಕ್ಕೆ ಬ್ರಿಟನ್ ನೆರವಾದವು. ಮದರಾಸಿನಲ್ಲಿ 1973ರಲ್ಲಿ ನೆಲೆಗೊಂಡ ಐಬಿಎಂ 370 ಯಂತ್ರ ಜರ್ಮನ್ ನೆರವಿನದು. ಹೈದರಾಬಾದಿನಲ್ಲಿ ಮಾತ್ರ ಬೇರೆ ಪ್ರಯೋಗ ನಡೆಯಿತು. 1967ರಲ್ಲಿ ಅಲ್ಲಿ ಸ್ಥಾಪಿತವಾದ ಎಲೆಕ್ಟ್ರಾನಿಕ್ಸ್ ಕಾರ್ಪೊರೇಷನ್ ಆಫ್ ಇಂಡಿಯಾ, ಟ್ರಾಂಬೆಯ ಪರಮಾಣು ಕೇಂದ್ರದಲ್ಲಿ ರೂಪುಗೊಂಡ ಟಿಡಿಸಿ ಸರಣಿಯ ಗಣಕಗಳನ್ನು ತಯಾರಿಸಲು ತೊಡಗಿತು. ಒಂದೇ ದಾನಿಯ ಕೈ ಹಿಡಿಯದೆ ಹಲವರಿಂದ ಪಡೆದದ್ದು, ಪಡೆಯುತ್ತಲೇ ಸ್ವಂತ ಪ್ರಯತ್ನವನ್ನು ಬಿಡದಿದ್ದದ್ದು ಆ ಕಾಲದ ನೀತಿಯ ಎರಡು ಲಕ್ಷಣಗಳು.

4. ಯಂತ್ರದಿಂದ ಜಾಲಕ್ಕೆ

1970ರ ದಶಕದಿಂದ ನೆರವಿನ ಸ್ವರೂಪ ಬದಲಾಯಿತು. ದೇಶಗಳ ಸ್ಥಾನದಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮ ಮುಖ್ಯವಾಯಿತು. ಮುಂಬಯಿಯ ಟಾಟಾ ಸಂಸ್ಥೆಯ ಆಶ್ರಯದಲ್ಲಿ ತಂತ್ರಾಂಶ ಅಭಿವೃದ್ಧಿಗೆಂದೇ ರಾಷ್ಟ್ರೀಯ ಕೇಂದ್ರವೊಂದು ಈ ನೆರವಿನಿಂದ ರೂಪುಗೊಂಡು, 1985ರಲ್ಲಿ ರಾಷ್ಟ್ರೀಯ ತಂತ್ರಾಂಶ ತಂತ್ರಜ್ಞಾನ ಕೇಂದ್ರವೆಂದು ಸ್ವತಂತ್ರವಾಯಿತು. ದೆಹಲಿಯಲ್ಲಿ 1976ರಲ್ಲಿ ಆರಂಭವಾದ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರಕ್ಕೂ ಇದೇ ಮೂಲದ ನೆರವಿತ್ತು.

ಈ ನಡುವೆ ಜಗತ್ತಿನ ಗಮನ ದೂರಸಂಪರ್ಕದ ಅಸಮತೆಯತ್ತ ಹರಿಯಿತು. 1982ರಲ್ಲಿ ನೈರೋಬಿಯಲ್ಲಿ ಸೇರಿದ ದೂರಸಂಪರ್ಕ ಒಕ್ಕೂಟದ ಮಹಾಸಭೆಯ ನಿರ್ಣಯದಂತೆ ಸರ್ ಡೊನಾಲ್ಡ್ ಮೈಟ್‌ಲೆಂಡ್ ಅವರ ಅಧ್ಯಕ್ಷತೆಯಲ್ಲಿ ಸ್ವತಂತ್ರ ಆಯೋಗವೊಂದು ರಚನೆಯಾಯಿತು. 1985ರ ಆರಂಭದಲ್ಲಿ ಹೊರಬಂದ ಅದರ ವರದಿ ಕೊಟ್ಟ ಚಿತ್ರ ಕಟುವಾದದ್ದು. ಲೋಕದ 60 ಕೋಟಿ ದೂರವಾಣಿಗಳಲ್ಲಿ ನಾಲ್ಕರಲ್ಲಿ ಮೂರು ಪಾಲು ಕೇವಲ ಒಂಬತ್ತು ದೇಶಗಳಲ್ಲಿದ್ದವು. ಇಡೀ ಆಫ್ರಿಕ ಖಂಡದಲ್ಲಿ ಇದ್ದುದಕ್ಕಿಂತ ಹೆಚ್ಚು ದೂರವಾಣಿಗಳು ಟೋಕಿಯೊ ನಗರವೊಂದರಲ್ಲೇ ಇದ್ದವು. ಮುಂದಿನ ಶತಮಾನದ ಆರಂಭದ ವೇಳೆಗೆ ಪ್ರತಿಯೊಬ್ಬ ಮನುಷ್ಯನಿಗೂ ದೂರವಾಣಿ ಕೈಗೆಟುಕುವಂತಾಗಬೇಕೆಂದು ಆಯೋಗ ಗುರಿ ಹಾಕಿಕೊಟ್ಟಿತು.

ಆಯೋಗದ ಚಿಂತನೆಗೂ ಭಾರತದಲ್ಲಿ ಆಗ ನಡೆಯುತ್ತಿದ್ದ ಪ್ರಯೋಗಕ್ಕೂ ಸಾಮ್ಯವಿದೆ. 1984ರಲ್ಲಿ ಸ್ಥಾಪಿತವಾದ ಸಿ–ಡಾಟ್ ಸಂಸ್ಥೆ, ಹವಾನಿಯಂತ್ರಣವಿಲ್ಲದೆ ಧೂಳು ಬಿಸಿಲುಗಳನ್ನು ತಾಳಿಕೊಳ್ಳಬಲ್ಲ ಚಿಕ್ಕ ಗ್ರಾಮೀಣ ವಿನಿಮಯ ಕೇಂದ್ರವನ್ನು ರೂಪಿಸಿತು. ಅದರ ಮೊದಲ ಪ್ರಯೋಗ 1986ರಲ್ಲಿ ನಡೆದದ್ದು ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ. ಸಿರಿವಂತ ದೇಶಗಳ ವಿನಿಮಯ ಕೇಂದ್ರಗಳು ನಗರದ ಸಾವಿರಾರು ಚಂದಾದಾರರನ್ನು ಲೆಕ್ಕದಲ್ಲಿಟ್ಟು ರಚಿತವಾದವು. ಹಳ್ಳಿಯ ನೂರು ಮನೆಗಳ ಅಗತ್ಯ ಯಾವುದೆಂಬುದು ಆ ಹಳ್ಳಿಯನ್ನು ಬಲ್ಲವರಿಗೇ ಹೊಳೆಯಬೇಕಷ್ಟೆ.

1986ರಲ್ಲಿ ಇಲೆಕ್ಟ್ರಾನಿಕ್ಸ್ ಇಲಾಖೆಯು ವಿಶ್ವಸಂಸ್ಥೆಯ ನೆರವಿನೊಡನೆ ಅರ್ನೆಟ್ ಎಂಬ ಶೈಕ್ಷಣಿಕ ಜಾಲಕ್ಕೆ ಚಾಲನೆ ಕೊಟ್ಟಿತು. ಮುಂಬಯಿಯ ತಂತ್ರಾಂಶ ಕೇಂದ್ರ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಐದು ತಂತ್ರಜ್ಞಾನ ಸಂಸ್ಥೆಗಳು ಮತ್ತು ಇಲಾಖೆ ಸ್ವತಃ, ಹೀಗೆ ಎಂಟು ಘಟಕಗಳು ಅದರಲ್ಲಿ ಸೇರಿದ್ದವು. 1986–87ರಲ್ಲಿ ಮುಂಬಯಿಯ ಎರಡು ಸಂಸ್ಥೆಗಳ ನಡುವೆ ಸಾಮಾನ್ಯ ದೂರವಾಣಿ ತಂತಿಯ ಮೂಲಕ ವಿದ್ಯುನ್ಮಾನ ಅಂಚೆ ಓಡಾಡಿತು. 1989ರಲ್ಲಿ ಮುಂಬಯಿಯಿಂದ ಅಮೆರಿಕದ ವರ್ಜೀನಿಯಕ್ಕೆ ಸೆಕೆಂಡಿಗೆ 9.6 ಕಿಲೋಬಿಟ್ ಸಾಗಿಸಬಲ್ಲ ಬಾಡಿಗೆ ಮಾರ್ಗ ಏರ್ಪಟ್ಟಿತು. ಇಡೀ ದೇಶದ ವಿದ್ವತ್ ಸಮುದಾಯದ ಪತ್ರಗಳು ಹಾದುಹೋಗುತ್ತಿದ್ದ ಆ ಮಾರ್ಗದ ಸಾಮರ್ಥ್ಯ ಇಂದಿನ ಒಂದು ಕೈಫೋನಿನ ಸಾಮರ್ಥ್ಯದ ಲವಲೇಶವೂ ಅಲ್ಲ. ಆದರೂ 1995ರ ಆಗಸ್ಟ್ 15ರಂದು ಅಂತರಜಾಲ ಸಾರ್ವಜನಿಕರಿಗೆ ತೆರೆದಾಗ, ಜಾಲವನ್ನು ನಡೆಸಬಲ್ಲ ಒಂದು ತಲೆಮಾರು ಅರ್ನೆಟ್ಟಿನ ಅನುಭವದಲ್ಲಿ ಸಿದ್ಧವಾಗಿತ್ತು.

5. ನಿರಾಕರಣೆ ಕಲಿಸಿದ ಪಾಠ

ಸಹಕಾರದ ಚರಿತ್ರೆಯನ್ನು ಬರೆಯುವಾಗ ಅಸಹಕಾರವನ್ನೂ ದಾಖಲಿಸಬೇಕು. 1980ರ ದಶಕದ ಕೊನೆಯಲ್ಲಿ ಭಾರತ ಅಮೆರಿಕದಿಂದ ಕ್ರೇ ಮಹಾಗಣಕಗಳನ್ನು ಕೊಳ್ಳಬಯಸಿತು. ದೆಹಲಿಯ ಹವಾಮಾನ ಮುನ್ಸೂಚನೆಗೆಂದು ಒಂದು ಯಂತ್ರ ಕಟ್ಟುನಿಟ್ಟಾದ ಷರತ್ತುಗಳೊಡನೆ ದೊರೆಯಿತು. ಬೆಂಗಳೂರಿನ ವಿಜ್ಞಾನ ಸಂಸ್ಥೆಗಾಗಿ ಕೇಳಿದ, ಹೆಚ್ಚು ಸಾಮರ್ಥ್ಯದ ಯಂತ್ರ ದೊರೆಯಲಿಲ್ಲ. 1988ರಲ್ಲಿ ಪುಣೆಯಲ್ಲಿ ಸಿ–ಡ್ಯಾಕ್ ಹುಟ್ಟಿತು. 1991ರಲ್ಲಿ ಪರಮ್ 8000 ಸಿದ್ಧವಾಯಿತು. ಇದನ್ನು ಅಪ್ಪಟ ಸ್ವದೇಶಿ ವಿಜಯವೆಂದು ಬಣ್ಣಿಸುವ ರೂಢಿಯಿದೆ. ವಾಸ್ತವದಲ್ಲಿ ಅದರ ಸಂಸ್ಕಾರಕಗಳು ಬ್ರಿಟನ್ನಿನ ಟ್ರಾನ್ಸ್‌ಪ್ಯೂಟರುಗಳು; ಅವುಗಳನ್ನು ಜೋಡಿಸಿ ದುಡಿಸಿದ ಬುದ್ಧಿ ಇಲ್ಲಿಯದು. ಮುಚ್ಚಿದ ಬಾಗಿಲ ಮುಂದೆ ನಿಂತಾಗ ಬೇರೆ ದಾರಿ ಹುಡುಕಬಲ್ಲವರು ಮೂವತ್ತು ವರ್ಷಗಳ ಹಿಂದಿನ ಪಾಠಶಾಲೆಗಳಿಂದ ಬಂದವರೇ ಎಂಬುದನ್ನು ಮರೆಯಬಾರದು.

ಸಿ–ಡ್ಯಾಕ್ ಸಂಸ್ಥೆಗೆ ಇನ್ನೊಂದು ಮುಖವೂ ಇದೆ. ಕನ್ನಡಿಗರಿಗೆ ಅದೇ ಹೆಚ್ಚು ಮುಖ್ಯ. ಕಾನ್ಪುರದಲ್ಲಿ ಆರ್. ಎಂ. ಕೆ. ಸಿನ್ಹಾ ಮತ್ತು ಅವರ ಶಿಷ್ಯರು ಭಾರತೀಯ ಲಿಪಿಗಳನ್ನು ಗಣಕಕ್ಕೆ ಒಗ್ಗಿಸಲು ನಡೆಸಿದ ಸಂಶೋಧನೆ ಪುಣೆಯಲ್ಲಿ ಜಿಸ್ಟ್ ಎಂಬ ತಂತ್ರವಾಗಿ ಬಳಕೆಗೆ ಬಂದಿತು. ಬ್ರಾಹ್ಮಿಯಿಂದ ಹುಟ್ಟಿದ ಲಿಪಿಗಳೆಲ್ಲಕ್ಕೂ ಒಂದೇ ವರ್ಣಕ್ರಮವೆಂಬ ತತ್ತ್ವದ ಮೇಲೆ 1988ರಲ್ಲಿ ಇಸ್ಕಿ ಎಂಬ ಸಂಕೇತ ವ್ಯವಸ್ಥೆ ರೂಪುಗೊಂಡು 1991ರಲ್ಲಿ ಭಾರತೀಯ ಮಾನಕವಾಯಿತು. ಅದೇ ವರ್ಷ ಹೊರಬಂದ ಯುನಿಕೋಡ್ ಎಂಬ ಜಾಗತಿಕ ಮಾನಕ ಭಾರತೀಯ ಲಿಪಿಗಳಿಗೆ 1988ರ ಇಸ್ಕಿ ಕ್ರಮವನ್ನೇ ಆಧಾರವಾಗಿ ಸ್ವೀಕರಿಸಿತು. ಇಂದು ಜಗತ್ತಿನ ಯಾವ ಮೂಲೆಯ ಗಣಕದಲ್ಲಾದರೂ ಕನ್ನಡದ ಅ ಆ ಇ ಈಗಳು ನಮ್ಮ ವರ್ಣಮಾಲೆಯ ಕ್ರಮದಲ್ಲಿಯೇ ನಿಂತಿರುವುದಕ್ಕೆ ಇದು ಕಾರಣ. ಕನ್ನಡದ ಮಟ್ಟಿಗೆ ಮುಂಬಯಿಯ ಕೊಡುಗೆಯೂ ಸ್ಮರಣೀಯ. ಅಲ್ಲಿನ ಟಾಟಾ ಸಂಸ್ಥೆಯಲ್ಲಿ ದುಡಿದ ಕೆ. ಪಿ. ರಾವ್ ಅವರು ರೂಪಿಸಿದ ಧ್ವನ್ಯನುಸಾರಿ ಕೀಲಿಮಣೆಯ ವಿನ್ಯಾಸ, ಮುಂದೆ ಕರ್ನಾಟಕ ಸರ್ಕಾರ ಮಾನ್ಯ ಮಾಡಿದ ವಿನ್ಯಾಸಕ್ಕೆ ತಳಹದಿಯಾಯಿತು.

ಜಾಗತಿಕ ಮಾನಕಗಳು ರೂಪುಗೊಳ್ಳುವ ಸಭೆಯಲ್ಲಿ ಭಾಷೆಯ ವಿದ್ವಾಂಸರು ಹಾಜರಿರದಿದ್ದರೆ ಏನಾಗುತ್ತದೆಂಬುದಕ್ಕೂ ಕನ್ನಡದಲ್ಲೇ ನಿದರ್ಶನವಿದೆ. ಹಳಗನ್ನಡದ ೞ ಅಕ್ಷರಕ್ಕೆ ಯುನಿಕೋಡಿನಲ್ಲಿ ಸ್ಥಾನ ದೊರೆತಿದೆ. ಆದರೆ ಅಲ್ಲಿ ಅದರ ಹೆಸರು ‘ಫ಼’ ಎಂಬ ಪರಭಾಷಾ ಧ್ವನಿಯ ಹೆಸರು! ಒಮ್ಮೆ ದಾಖಲಾದ ಹೆಸರನ್ನು ಬದಲಿಸಬಾರದೆಂಬುದು ಆ ಮಾನಕದ ನಿಯಮವಾದುದರಿಂದ, ತಪ್ಪೆಂದು ಒಪ್ಪಿ ಟಿಪ್ಪಣಿ ಸೇರಿಸಿದ ಮೇಲೂ ಹೆಸರು ಹಾಗೆಯೇ ಉಳಿದಿದೆ. ಹಳೆಯ ಬರಹಗಳಲ್ಲಿ ಕಾಣುವ ನಕಾರಪೊಲ್ಲು ಆ ಮಾನಕವನ್ನು ಸೇರಿದ್ದು 2021ರಲ್ಲಿ. ಯಂತ್ರ ಕೆಟ್ಟರೆ ಹೊಸದನ್ನು ತರಬಹುದು. ಮಾನಕದಲ್ಲಿ ಸೇರಿದ ತಪ್ಪು ತಲೆಮಾರುಗಳವರೆಗೆ ಉಳಿಯುತ್ತದೆ.

6. ಪಡೆದವರು ಕೊಡುವವರಾದಾಗ

1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ ಬೆಂಗಳೂರಿಗೆ ಬಂದು ಉಪಗ್ರಹದ ಮೂಲಕ ತನ್ನ ವಿನ್ಯಾಸಗಳನ್ನು ಹೊರದೇಶಕ್ಕೆ ಕಳುಹಿಸತೊಡಗಿತು. 1991ರಲ್ಲಿ ರೂಪುಗೊಂಡ ತಂತ್ರಾಂಶ ತಂತ್ರಜ್ಞಾನ ಪಾರ್ಕುಗಳ ವ್ಯವಸ್ಥೆ ಚಿಕ್ಕ ಕಂಪನಿಗಳಿಗೂ ಇದೇ ಸೌಲಭ್ಯ ಒದಗಿಸಿತು. ಇದರ ಮುಂದಿನ ಕಥೆ ಎಲ್ಲರೂ ಬಲ್ಲದ್ದು. ನೆರವಿನ ಚರಿತ್ರೆಯಲ್ಲಿ ಈಗ ಭಾರತದ ಸ್ಥಾನ ಬದಲಾಗಿದೆ ಎಂಬುದಷ್ಟೇ ಇಲ್ಲಿ ಪ್ರಸ್ತುತ.

ಕೊಡುವ ಪರಂಪರೆ ನಮ್ಮಲ್ಲಿ ತೀರ ಹೊಸದಲ್ಲ. ಹೊರದೇಶದವರಿಗೆ ತರಬೇತಿ ನೀಡುವ ಐಟೆಕ್ ಕಾರ್ಯಕ್ರಮ 1964ರಲ್ಲೇ ಆರಂಭವಾಗಿತ್ತು. 2003ರಲ್ಲಿ ಘಾನಾದ ಅಕ್ರಾದಲ್ಲಿ ಭಾರತದ ನೆರವಿನಿಂದ ಕೋಫಿ ಅನ್ನಾನ್ ಹೆಸರಿನ ಮಾಹಿತಿ ತಂತ್ರಜ್ಞಾನ ಕೇಂದ್ರ ಸ್ಥಾಪಿತವಾಯಿತು. ರಾಷ್ಟ್ರಪತಿ ಅಬ್ದುಲ್ ಕಲಾಂ ಅವರು 2004ರಲ್ಲಿ ಸೂಚಿಸಿದ ಅಖಿಲ ಆಫ್ರಿಕ ವಿದ್ಯುನ್ಮಾನ ಜಾಲ 2009ರಲ್ಲಿ ಉದ್ಘಾಟನೆಗೊಂಡು ಆ ಖಂಡದ 48 ದೇಶಗಳನ್ನು ಭಾರತದ ವಿಶ್ವವಿದ್ಯಾಲಯಗಳಿಗೂ ಆಸ್ಪತ್ರೆಗಳಿಗೂ ಜೋಡಿಸಿತು. 2017ರಲ್ಲಿ ಅದು ಮುಕ್ತಾಯವಾಗಿ, 2019ರಲ್ಲಿ ಬೇರೆ ರೂಪದ ಯೋಜನೆ ಆರಂಭವಾಯಿತು. ಬೆಂಗಳೂರಿನ ಅಂತರರಾಷ್ಟ್ರೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆಯಲ್ಲಿ 2018ರಲ್ಲಿ ಆರಂಭವಾದ ಮೋಸಿಪ್ ಎಂಬ ಗುರುತು ವ್ಯವಸ್ಥೆಯ ತಂತ್ರಾಂಶವನ್ನು ಫಿಲಿಪ್ಪೀನ್ಸ್, ಮೊರೊಕ್ಕೊ ಮೊದಲಾದ ದೇಶಗಳು ಸ್ವೀಕರಿಸಿವೆ. 2023ರ ಆಗಸ್ಟಿನಲ್ಲಿ ಬೆಂಗಳೂರಿನಲ್ಲಿ ನಡೆದ ಜಿ–20 ಡಿಜಿಟಲ್ ಅರ್ಥವ್ಯವಸ್ಥೆಯ ಸಚಿವರ ಸಭೆಯಲ್ಲಿ ಇಂಥ ಸಾರ್ವಜನಿಕ ಡಿಜಿಟಲ್ ಸೌಕರ್ಯಗಳೇ ಮುಖ್ಯ ವಿಷಯ.

ಈ ಪ್ರಯತ್ನಗಳನ್ನು ಅಳೆಯುವಾಗ ನಾವು ಪಡೆದ ಕಾಲದ ಅಳತೆಗೋಲನ್ನೇ ಬಳಸುವುದು ನ್ಯಾಯ. ಮೋಸಿಪ್ ಮುಕ್ತ ತಂತ್ರಾಂಶ. ಪಡೆದವರು ಅದನ್ನು ಬಿಚ್ಚಿ ತಿದ್ದಬಹುದು. ಕಲ್ಕತ್ತ, ಕಾನ್ಪುರಗಳ ಅನುಭವಕ್ಕೆ ಇದು ಹತ್ತಿರವಾದದ್ದು. ಆದರೆ ತಿದ್ದಬಹುದು ಎಂಬುದಕ್ಕೂ ತಿದ್ದಬಲ್ಲರು ಎಂಬುದಕ್ಕೂ ಅಂತರವಿದೆ. ಆ ಅಂತರವನ್ನು ತುಂಬುವವರು ಅಧ್ಯಾಪಕರು, ಅಗ್ಗದ ಪಠ್ಯಪುಸ್ತಕಗಳು, ವಿದ್ಯಾರ್ಥಿಗಳ ಕೈಗೆ ಸಿಗುವ ಯಂತ್ರಗಳು. ಉಪಗ್ರಹದ ಮೂಲಕ ಇಲ್ಲಿಂದ ಅಲ್ಲಿಗೆ ಪಾಠ ಹೇಳುವುದು ಒಳ್ಳೆಯದು. ಅಲ್ಲಿಯೇ ಪಾಠ ಹೇಳುವವರನ್ನು ಬೆಳೆಸುವುದು ಅದಕ್ಕಿಂತ ಮೇಲು. ಆ ದೇಶಗಳ ಭಾಷೆಗಳಿಗೆ ಅವರ ತಂತ್ರಾಂಶದಲ್ಲಿ ಯಾವ ಸ್ಥಾನ ದೊರೆಯುತ್ತದೆಂಬ ಪ್ರಶ್ನೆಯನ್ನು, ೞಕಾರದ ಅನುಭವವುಳ್ಳ ನಾವಾದರೂ ಕೇಳಬೇಕು.

7. ಉಪಸಂಹಾರ

ಮೇಲಿನ ವಿವೇಚನೆಯಿಂದ ಮೂರು ಅಂಶಗಳು ಸ್ಪಷ್ಟವಾಗುತ್ತವೆ. ಮೊದಲನೆಯದು, ಯಂತ್ರವಾಗಿ ಬಂದ ನೆರವಿನ ಆಯುಷ್ಯ ಹೆಚ್ಚೆಂದರೆ ಒಂದು ದಶಕ. ವಿದ್ಯೆಯಾಗಿ ಬಂದ ನೆರವು ತಲೆಮಾರುಗಳಿಗೆ ಹರಿಯುತ್ತದೆ. ಎರಡನೆಯದು, ಸ್ವಂತ ಪ್ರಯತ್ನವಿದ್ದಲ್ಲಿ ನೆರವು ಫಲ ಕೊಡುತ್ತದೆ, ನಿರಾಕರಣೆಯೂ ಫಲ ಕೊಡುತ್ತದೆ. ಅದಿಲ್ಲದಲ್ಲಿ ಎರಡೂ ನಿಷ್ಫಲ. ಮೂರನೆಯದು, ಲಿಪಿ ಮತ್ತು ಮಾನಕಗಳ ವಿಷಯದಲ್ಲಿ ಸಹಕಾರವೆಂದರೆ ಸಭೆಯಲ್ಲಿ ಹಾಜರಿರುವುದು. ಅಲ್ಲಿ ಗೈರುಹಾಜರಿಯ ಬೆಲೆಯನ್ನು ತೆರುವುದು ಭಾಷೆ.

ಈ ಚರಿತ್ರೆಯ ಬಹುಭಾಗ ಇನ್ನೂ ಬರೆಯಲ್ಪಟ್ಟಿಲ್ಲ. ಸಂಸ್ಥಾಪಕರ ಹೆಸರುಗಳು ದಾಖಲೆಗಳಲ್ಲಿವೆ. ರಾತ್ರಿ ಪಾಳಿಯಲ್ಲಿ ರಂಧ್ರಪತ್ರಗಳನ್ನು ಉಣಿಸಿದವರ, ಸುಟ್ಟ ನಳಿಕೆಗಳನ್ನು ಬದಲಿಸಿದವರ, ಮೊದಲ ತರಗತಿಗಳಲ್ಲಿ ಕುಳಿತವರ ನೆನಪುಗಳು ಎಲ್ಲಿಯೂ ಇಲ್ಲ. ಆ ತಲೆಮಾರಿನ ಅನೇಕರು ಈಗ ನಮ್ಮೊಡನಿಲ್ಲ, ಉಳಿದವರು ಇಳಿವಯಸ್ಸಿನಲ್ಲಿದ್ದಾರೆ. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿಗಳ ಈ ಸಂಸ್ಥೆಗಳಲ್ಲಿ ದುಡಿದ ಕನ್ನಡಿಗರನ್ನು ಅರಸಿ, ಅವರ ಮಾತನ್ನು ಅವರದೇ ಕನ್ನಡದಲ್ಲಿ ದಾಖಲಿಸುವ ಕೆಲಸ ಆಯಾ ನಗರಗಳಲ್ಲಿ ನೆಲೆಸಿದ ಸಂಶೋಧಕರಿಗಲ್ಲದೆ ಬೇರೆಯವರಿಗೆ ಸುಲಭವಲ್ಲ. ಗಣಕವಿದ್ಯೆಯ ಚರಿತ್ರೆಯನ್ನು ಇಂಗ್ಲಿಷಿನ ಕಡತಗಳಿಂದಷ್ಟೇ ಬರೆಯುವ ಸ್ಥಿತಿ ಬಂದರೆ, ೞಕಾರಕ್ಕೆ ಪರರು ಇಟ್ಟ ಹೆಸರಿನಂತೆ, ನಮ್ಮ ಪಾಲಿನ ಚರಿತ್ರೆಯೂ ಬೇರೊಂದು ಹೆಸರಿನಲ್ಲಿ ಉಳಿದುಹೋದೀತು.